ಮಾಸ್ತರೇ, ಮೊಸರನ್ನು ಕೊನೆಗೆ ಯಾಕಿಟ್ಟಿರಿ?

ನಮಸ್ಕಾರ. ಇಳಕಲ್‌ನಿಂದ ನೀವು ಕಳಿಸಿದ ‘ಕಿಣ್ವಗಳ ಮೇಲೆ ತಾಪಮಾನದ ಪರಿಣಾಮ’ ಲೇಖನವನ್ನು ಎರಡು ಸಲ ಓದಿದೆ. ಕಿಣ್ವ ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು, ಹಾಲು ಮೊಸರಾಗುವುದೂ ಹೆಪ್ಪಿನ ಬ್ಯಾಕ್ಟೀರಿಯಾದ ಕಿಣ್ವಗಳಿಂದಲೇ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲಾರೆ. ಬಿಟ್ಟುಬಿಡಲಿಕ್ಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಪಾಠದ ಪುಸ್ತಕ. ಕೊನೆಯ ಪ್ಯಾರಾದಲ್ಲಿ ಒಂದು ಸಾಲು ಬರುತ್ತದೆ: ವಿಜಯಪುರದ ಅಕ್ಕನ ಮನೆಯಲ್ಲಿ ಮೇ ತಿಂಗಳಲ್ಲಿ ರಾತ್ರಿ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರು ಹುಳಿ, ಅದೇ ಹೆಪ್ಪು ಬೆಳಗಾವಿಯ ಆಷಾಢದ ಮಳೆಯಲ್ಲಿ ಮಧ್ಯಾಹ್ನವಾದರೂ ನೀರುನೀರು. ಅಲ್ಲಿಂದಲೇ ಶುರು ಮಾಡಬೇಕಿತ್ತು ಅಲ್ವಾ? ನಾನು ಬೆಳಗಾವಿಯವನು, ಮಳೆಗಾಲದಲ್ಲಿ ನಮ್ಮನೆಯ ಹೆಪ್ಪಿನ ಪಾತ್ರೆಗೆ ಹಳೇ ಕೌದಿ ಹೊದಿಸುತ್ತಾರೆ. ನನಗೆ ತಟ್ಟಿದ್ದು ಆ ಸಾಲೊಂದೇ.

ಇನ್ನು ತಪ್ಪುಗಳು. ‘ಚಳಿಗೆ ಕಿಣ್ವಗಳು ಸಾಯುತ್ತವೆ’ ಎಂದಿದ್ದೀರಿ. ಕಿಣ್ವಕ್ಕೆ ಜೀವ ಎಲ್ಲಿದೆ, ಸಾಯಲಿಕ್ಕೆ? ಚಳಿಯಲ್ಲಿ ಅಣುಗಳ ಓಡಾಟ ನಿಧಾನವಾಗುತ್ತದೆ, ಕೆಲಸವೂ ನಿಧಾನವಾಗುತ್ತದೆ, ಅಷ್ಟೇ. ಫ್ರಿಜ್‌ನಿಂದ ಹೊರಗಿಟ್ಟ ಮೊಸರು ಮತ್ತೆ ಹುಳಿಯತೊಡಗುತ್ತದೆ ನೋಡಿ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮಾತ್ರ ಕೆಲಸ ಕೆಟ್ಟಿತು, ಅಲ್ಲಿ ನಿಜಕ್ಕೂ ಸಾಯುವುದು ಬ್ಯಾಕ್ಟೀರಿಯಾ. ಅದಕ್ಕೇ ಮನೆಯವರು ಉಗುರುಬೆಚ್ಚಗಾಗುವ ತನಕ ಕಾಯುವುದು.

‘10 ಡಿಗ್ರಿ ಏರಿದರೆ ವೇಗ ದುಪ್ಪಟ್ಟು’ ಎಂಬುದು ಅಂದಾಜಿನ ಲೆಕ್ಕ, ಒಂದು ಮಿತಿಯವರೆಗೆ ಮಾತ್ರ. ನಮ್ಮ ದೇಹದ ಹೆಚ್ಚಿನ ಕಿಣ್ವಗಳಿಗೆ 37 ಡಿಗ್ರಿಯ ಆಸುಪಾಸು ಹಿತ. ತೀರಾ ಮೇಲೆ ಹೋದರೆ ಪ್ರೋಟೀನಿನ ಮಡಿಕೆ ಬಿಚ್ಚುತ್ತದೆ. ‘ಪ್ರೋಟೀನು ಒಡೆದು ಚೂರಾಗುತ್ತದೆ’ ಎಂದು ಬರೆದಿದ್ದೀರಲ್ಲ, ಅದು ಹಾಗಲ್ಲ. ಇಳಕಲ್ ಸೀರೆಯ ನಿರಿಗೆ ಬಿಚ್ಚಿದರೆ ಒಂದು ಎಳೆಯೂ ಹರಿದಿರುವುದಿಲ್ಲ, ಆದರೆ ಉಟ್ಟ ಸೀರೆ ಉಟ್ಟಂತೆ ಉಳಿಯುವುದಿಲ್ಲ. ಇಲ್ಲೂ ಪ್ರೋಟೀನಿನ ಉದ್ದ ಸರಪಳಿ ಇಡಿಯಾಗಿರುತ್ತದೆ, ಅದನ್ನು ಮಡಿಸಿ ಹಿಡಿದಿದ್ದ ಸಣ್ಣಪುಟ್ಟ ಬಂಧಗಳು ಸಡಿಲುತ್ತವೆ, ಆಕಾರ ಹೋದ ಮೇಲೆ ಕಿಣ್ವಕ್ಕೆ ತನ್ನ ಕೆಲಸದ ವಸ್ತುವನ್ನು ಹಿಡಿಯಲಾಗುವುದಿಲ್ಲ. (ನಿಮ್ಮೂರಿನ ಸೀರೆ ನಿಮಗೇ ಹೊಳೆಯಲಿಲ್ಲವೇ!)

‘ಒಮ್ಮೆ ಕೆಟ್ಟರೆ ಮತ್ತೆಂದೂ ಸರಿಹೋಗದು’ ಎಂಬ ಸಾಲನ್ನೂ ತೆಗೆಯಿರಿ. ಬೆಂದ ಮೊಟ್ಟೆಗೆ ಅದು ನಿಜ, ಬಿಚ್ಚಿದ ಸರಪಳಿಗಳು ಒಂದಕ್ಕೊಂದು ಸಿಕ್ಕುಬಿದ್ದಿರುತ್ತವೆ. ಎಲ್ಲಕ್ಕೂ ಅಲ್ಲ. ರಾಸಾಯನಿಕ ಹಾಕಿ ಬಿಚ್ಚಿದ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ ತಾನಾಗಿಯೇ ಮತ್ತೆ ಮಡಿಚಿಕೊಂಡು ಕೆಲಸಕ್ಕೆ ನಿಂತಿದ್ದನ್ನು ಅಮೆರಿಕದ ವಿಜ್ಞಾನಿ ಆನ್‌ಫಿನ್ಸೆನ್ ತೋರಿಸಿದರು, 1972ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು.

ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾವನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಅದು ಬೆಳೆಯಲಿ. ಅದರ ಕಿಣ್ವ 95 ಡಿಗ್ರಿ ತಾಳಿಕೊಂಡು, 72ರ ಸುತ್ತ ಹುರುಪಿನಿಂದ ದುಡಿಯುತ್ತದೆ. ಡಿಎನ್‌ಎಯನ್ನು ಮತ್ತೆ ಮತ್ತೆ ಕಾಯಿಸಿ, ತಣಿಸಿ ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನ ಸಲೀಸಾಗಿದ್ದೇ ಅದರಿಂದ. ಕೋವಿಡ್‌ನಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ಪಿಸಿಆರ್ ಹೆಸರು ಕೇಳಿದ್ದಾರೆ, ಓದೇ ಓದುತ್ತಾರೆ.

ಗ್ರಾಫ್ ಬೇಡ. ಎರಡು ಪುಟದೊಳಗೆ ತಿದ್ದಿ ಕಳಿಸಿ. ಅಕ್ಕನ ಮನೆಯ ಮೊಸರಿನ ಗಡಿಗೆಯದೊಂದು ಫೋಟೋ ಸಿಕ್ಕರೆ ಅದನ್ನೂ.