ಎತ್ತು ಎತ್ತಿನ ಹಾಗೆ ಕಾಣದಿದ್ದರೂ ನಡೆಯುತ್ತದೆ

ಹುಬ್ಬಳ್ಳಿಯ ಶಿಶುವಿಹಾರವೊಂದರ ಶಿಕ್ಷಕಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಬಳಿ ಇರುವುದು 3ರಿಂದ 5 ವರ್ಷದ ಮಕ್ಕಳು. ಮಣ್ಣೆತ್ತಿನ ಅಮಾವಾಸ್ಯೆಗೆ ಏನಾದರೂ ಮಾಡಿ ಎಂದು ಶಾಲೆಯವರು ಹೇಳಿದ್ದಾರಂತೆ. ಟಿವಿಯಲ್ಲಿ ಎತ್ತಿನ ವಿಡಿಯೊ ತೋರಿಸುವುದು, ಎತ್ತಿನ ಚಿತ್ರಕ್ಕೆ ಬಣ್ಣ ತುಂಬಿಸುವುದು, ಪೇಟೆಯಿಂದ ಜೋಡಿ ಮಣ್ಣೆತ್ತು ತಂದು ಪೂಜೆ ಮಾಡಿ ಪಾಲಕರಿಗೆ ಫೋಟೊ ಕಳಿಸುವುದು, ಇದು ಅವರ ಲೆಕ್ಕಾಚಾರ. “ಇಷ್ಟು ಸಾಕಾ? ಇಷ್ಟರಿಂದ ಮಕ್ಕಳಿಗೆ ಹಬ್ಬ ತಿಳಿಯುತ್ತದಾ? ಮಣ್ಣು ಕೊಟ್ಟರೆ ಬಟ್ಟೆ ಹೊಲಸಾಯಿತು ಅಂತ ಪಾಲಕರು ಸಿಟ್ಟಾಗುತ್ತಾರೆ. ಬೇರೆ ಧರ್ಮದ ಮಕ್ಕಳೂ ಇದ್ದಾರೆ, ಅವರ ವಿಷಯ ಹೇಗೆ?” ಎಂದು ಕೇಳಿದ್ದಾರೆ.

ಅಕ್ಕೋರೇ, ನಿಮ್ಮ ಯೋಜನೆಯಲ್ಲಿ ಮಕ್ಕಳ ಕೈಗೆ ಕೆಲಸ ಇರುವುದು ಬಣ್ಣ ತುಂಬುವಾಗ ಮಾತ್ರ. ಉಳಿದ ಹೊತ್ತೆಲ್ಲ ಅವರು ಸುಮ್ನೆ ಕೂತು ನೋಡಬೇಕು. ಬೇರೆ ಹಬ್ಬವಾಗಿದ್ದರೆ ಹೋಗಲಿ ಅನ್ನಬಹುದಿತ್ತೇನೋ. ಈ ಹಬ್ಬಕ್ಕೆ ಹಾಗನ್ನಲು ಮನಸ್ಸು ಬರುವುದಿಲ್ಲ. ಕಾರಹುಣ್ಣಿಮೆಗೆ ದೊಡ್ಡವರು ನಿಜವಾದ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ, ಅಂದರೆ ಎತ್ತುಗಳನ್ನು ಓಡಿಸಿ ಅಡ್ಡ ಕಟ್ಟಿದ ತೋರಣ ಹರಿಸುತ್ತಾರೆ. ಅದಾಗಿ 15 ದಿನಕ್ಕೆ ಜ್ಯೇಷ್ಠದ ಅಮಾವಾಸ್ಯೆ ಬರುತ್ತದೆ. ಆಗ ಸರದಿ ಮಕ್ಕಳದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳು ತಾವೇ ಮಣ್ಣು ತಂದು, ನಾದಿ, ಎತ್ತು ಮಾಡಿ, ಅವುಕ್ಕೊಂದು ಗ್ವಾದಲಿಯನ್ನೂ, ಅಂದರೆ ಮೇವು ಹಾಕುವ ತೊಟ್ಟಿಯನ್ನೂ, ಕಟ್ಟುತ್ತಾರೆ. ಮನೆಯವರು ಹೋಳಿಗೆಯನ್ನೋ ಕಡುಬನ್ನೋ ಎಡೆ ಹಿಡಿಯುತ್ತಾರೆ. ಹೀಗೆ ಕೈಯಿಂದ ಕಲಿಯುವ ಪಾಠ ಹಬ್ಬದೊಳಗೇ ಇದೆ. ನೀವು ಹೊಸದಾಗಿ ಏನನ್ನೂ ಹುಡುಕಬೇಕಿಲ್ಲ, ಅಡ್ಡ ಬರುವ ವಿಡಿಯೊ ತೆಗೆದರೆ ಸಾಕು. ಶಾಲೆ ಶುರುವಾಗುವ ಹೊತ್ತಿಗೇ ಈ ಹಬ್ಬ ಬರುವುದೂ ಒಳ್ಳೆಯದಾಯಿತು. ಅಮ್ಮನ ಸೆರಗು ಬಿಟ್ಟು ಬಂದು ಅಳುವ ಮಗುವಿನ ಕೈಗೆ ಒಂದು ಮುದ್ದೆ ಮಣ್ಣು ಕೊಟ್ಟು ನೋಡಿ.

ಮೊದಲು ಮಣ್ಣಿನ ವಿಚಾರ. ಇದನ್ನು ಸರಿಯಾಗಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಸಿಕ್ಕ ಕಡೆಯಿಂದ ಅಗೆದು ತರಬೇಡಿ, ಪೇಟೆಯ ಮಣ್ಣಿನಲ್ಲಿ ಗಾಜು, ಮೊಳೆ, ನಾಯಿಯ ಹೊಲಸು ಎಲ್ಲವೂ ಇರುತ್ತದೆ. ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ಕೊಳ್ಳಿ. ಹೊಲದ ಎರೆಮಣ್ಣೇ ಸಿಕ್ಕರೆ ಪುಡಿ ಮಾಡಿ ಜರಡಿ ಹಿಡಿಯಿರಿ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಿಮ್ಮ ಸುತ್ತಿನ ಹೊಲಗಳು ಬಾಯಿ ಬಿಡುವುದು ಇದಕ್ಕೇ. ಸ್ವಲ್ಪ ಸಣ್ಣ ಮರಳು ಬೆರೆಸಿದರೆ ಬಿರುಕು ಕಡಿಮೆಯಾಗುತ್ತದೆ. ಹಿಂದಿನ ದಿನವೇ ನೆನೆಹಾಕಿ, ಒದ್ದೆ ಬಟ್ಟೆ ಮುಚ್ಚಿಡಿ. ನಾದುವುದನ್ನು ಮಾತ್ರ ಆಯಾ ಕೈಯಲ್ಲಿ ಮುಗಿಸಿಬಿಡಬೇಡಿ. ಗುದ್ದುವುದು, ಹಿಸುಕುವುದು, ಅಂಗೈಯಲ್ಲಿ ಉರುಳಿಸುವುದು, ಮೂರು ವರ್ಷದ ಮಗುವಿಗೆ ಅದೇ ಹಬ್ಬ. ಅದರ ಬೆರಳುಗಳಿಗೂ ಅದೇ ಬೇಕು. ಮುಂದೆ ಪೆನ್ಸಿಲ್ ಹಿಡಿಯುವುದೂ ಆ ಬೆರಳುಗಳೇ ಅಲ್ವಾ?

ನಾಲ್ಕು ದಾಟಿದವರಿಗೆ ಎರಡು ಕೈ ತುಂಬುವಷ್ಟು ಮಣ್ಣು ಕೊಡಿ. ಉಂಡೆ ಮಾಡಿ, ಉದ್ದಕ್ಕೆ ಉರುಳಿಸಿ, ಅದರಿಂದಲೇ ನಾಲ್ಕು ಕಾಲು ಎಳೆಯಲಿ. ಕಾಲು ಬೇರೆ ಮಾಡಿ ಅಂಟಿಸಿದರೆ ಒಣಗಿದಾಗ ಉದುರುತ್ತದೆ. ಅಂಟಿಸಲೇಬೇಕಾದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ನಡುವೆ ಕೆಸರು ಹಚ್ಚಿ ಒತ್ತಬೇಕು. ಬೆನ್ನ ಮೇಲಿನ ಹಿಣಿಲನ್ನು ಮರೆಯಬೇಡಿ. ಹಿಣಿಲು ಬಂದರೆ ಸಾಕು, ಮುಖ ಹೇಗಿದ್ದರೂ ಅದು ಎತ್ತು. ಬಿಸಿಲಿಗಿಡದೆ ನೆರಳಲ್ಲಿ ಒಣಗಿಸಿ. ಮೋಡ ಕವಿದಿದ್ದರೆ ದಿನ ಜಾಸ್ತಿ ಹಿಡಿಯುತ್ತದೆ, ಆದ್ದರಿಂದ ಅಮಾವಾಸ್ಯೆಗೆ ನಾಲ್ಕೈದು ದಿನ ಮೊದಲೇ ಶುರು ಮಾಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಣ್ಣಿನ ಮೂರ್ತಿಗಳಿಗೆ ಕಣ್ಣಾಗಿ ಗುಲಗಂಜಿ ಒತ್ತುವ ರೂಢಿ ಇದೆ. ಮಕ್ಕಳ ಕೋಣೆಗೆ ಗುಲಗಂಜಿ ತರಲೇಬೇಡಿ. ನೋಡಲು ಚೆಂದ, ಆದರೆ ಒಳಗಿರುವುದು ಬಲು ಕೆಟ್ಟ ವಿಷ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಜೋಳದ ಕಾಳು ಸಾಕು. ಅದನ್ನೂ ಎಣಿಸಿ ಕೊಟ್ಟು ನೀವೇ ಪಕ್ಕದಲ್ಲಿರಿ, ಈ ವಯಸ್ಸಿನವರು ಕಾಳನ್ನು ಮೂಗಿಗೆ, ಕಿವಿಗೆ ಹಾಕಿಕೊಳ್ಳುವುದರಲ್ಲಿ ಪ್ರವೀಣರು. ಮೂರು ವರ್ಷದವರಿಗೆ ಕಾಳೇ ಬೇಡ, ಕಡ್ಡಿಯಿಂದ ಚುಚ್ಚಿದ ತೂತೇ ಕಣ್ಣು.

ಕಥೆ ಹೇಳಬೇಕಾ ಎಂದರೆ, ಹೇಳಿ. ಆದರೆ ಕೈ ಮಣ್ಣಾದ ಮೇಲೆ ಹೇಳಿ, ಮತ್ತು ಚಿಕ್ಕದಾಗಿ ಹೇಳಿ. ಪುರಾಣದಿಂದ ಶುರು ಮಾಡುವುದಕ್ಕಿಂತ ಅವರ ಡಬ್ಬಿಯ ರೊಟ್ಟಿಯಿಂದ ಶುರು ಮಾಡಿ. ರೊಟ್ಟಿ ಯಾವುದರಿಂದ ಆಯಿತು? ಜೋಳ ಎಲ್ಲಿ ಬೆಳೆಯಿತು? ಹೊಲ ಹರಗಿದ್ದು ಯಾರು? ಹೀಗೆ ಎತ್ತಿನವರೆಗೆ ಹೋಗಬಹುದು. ಯಾವುದಾದರೂ ಮಗು “ನಮ್ಮ ಅಜ್ಜನ ಹೊಲದಲ್ಲಿ ಟ್ರ್ಯಾಕ್ಟರ್” ಅಂದರೆ ತಿದ್ದಬೇಡಿ, ಅದು ಹೇಳಿದ್ದು ನಿಜವೇ. ಮಣ್ಣಲ್ಲಿ ಟ್ರ್ಯಾಕ್ಟರ್ ಮಾಡಿದರೆ ಅದನ್ನೂ ಎತ್ತಿನ ಸಾಲಿನಲ್ಲೇ ನಿಲ್ಲಿಸಿ. ಮರಾಠಿ ಮನೆಯ ಮಕ್ಕಳಿದ್ದರೆ ಅವರ ಕಡೆಯ ಪೋಳಾ ಹಬ್ಬದ ಬಗ್ಗೆ ಕೇಳಿಸಿ. ನಾಗಪುರದ ಕಡೆ ಚಿಕ್ಕವರು ಕಟ್ಟಿಗೆಯ ಎತ್ತು ಎಳೆದುಕೊಂಡು ಹೋಗುವ ತಾನ್ಹಾ ಪೋಳಾ ಅಂತಲೇ ಒಂದಿದೆ.

ಎಷ್ಟು ಎಚ್ಚರ ವಹಿಸಿದರೂ ಕೆಲವು ಎತ್ತಿನ ಕಾಲು ಮುರಿಯುತ್ತದೆ, ಮಗು ಅಳುತ್ತದೆ. ಇದಕ್ಕೆ ನಮ್ಮ ಹಿರಿಯರು ದಾರಿ ಇಟ್ಟಿದ್ದಾರೆ. ಹಬ್ಬದ ಮರುದಿನ ಮಕ್ಕಳು ಕಾಲು ಮುರಿದ ಕುಂಟೆತ್ತನ್ನು ಹಿಡಿದು, ಹಾಡು ಹೇಳುತ್ತ, ಮನೆಮನೆಗೆ ಜೋಳ ಕೇಳಲು ಹೋಗುತ್ತಾರೆ. ಮುರಿದ ಎತ್ತಿನ ಮಗುವೇ ನಿಮ್ಮ ಮೆರವಣಿಗೆಯ ಮುಂದಾಳು ಆಗಲಿ. ಓಣಿಗೆ ಹೋಗುವುದು ಬೇಡ, ಪಕ್ಕದ ತರಗತಿ, ಆಫೀಸು, ಅಡುಗೆ ಕೋಣೆ ಸಾಕು. ಎಲ್ಲರ ಕೈಯಲ್ಲೂ ಒಂದೊಂದು ಹಿಡಿ ಜೋಳ ಮೊದಲೇ ಕೊಟ್ಟಿರಿ. ಕೇಳುವುದು, ಪಡೆಯುವುದು, ಬುಟ್ಟಿಗೆ ಸುರಿಯುವುದು, ಎಷ್ಟಾಯಿತು ಅಂತ ನೋಡುವುದು, ಇಡೀ ದಿನದಲ್ಲಿ ಮಕ್ಕಳು ಮನೆಗೆ ಹೋಗಿ ಹೇಳುವುದು ಇದನ್ನೇ.

ಇನ್ನು ಧರ್ಮದ ಪ್ರಶ್ನೆ. ಇದು ಹಿಂದೂಗಳ ಹಬ್ಬ, ಮನೆಗಳಲ್ಲಿ ಈ ಎತ್ತಿಗೆ ಪೂಜೆ ಮಾಡುತ್ತಾರೆ ಎಂದು ಮಕ್ಕಳಿಗೆ ನೇರವಾಗಿ ಹೇಳಿ. ಹಬ್ಬದ ಹೆಸರು ಮುಚ್ಚಿಟ್ಟು ‘ಮಣ್ಣಿನ ದಿನ’ ಅಂತ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹಾಗೆಯೇ ತರಗತಿಯಲ್ಲಿ ಎಲ್ಲರ ಕೈ ಮುಗಿಸುವುದೂ ಸರಿ ಕಾಣುವುದಿಲ್ಲ. ಪೂಜೆ ಮನೆಯಲ್ಲಾಗಲಿ. ಇಲ್ಲಿ ಎತ್ತಿಗೆ ಮೇವು ಇಡಿ, ಮಕ್ಕಳು ಹೋಳಿಗೆ ತಿನ್ನಲಿ. ಎತ್ತು ಕಟ್ಟಿ ಹೊಲ ಮಾಡಿದವರು ಎಲ್ಲ ಧರ್ಮದಲ್ಲೂ ಇದ್ದಾರೆ, ಆ ಮಕ್ಕಳ ಅಜ್ಜಂದಿರೂ ಇರಬಹುದು. ವಾರ ಮೊದಲೇ ಪಾಲಕರಿಗೆ ಏನೇನು ಮಾಡುತ್ತೀರಿ ಎಂದು ಒಂದು ಚೀಟಿ ಕಳಿಸಿ. ಬೇಡ ಅಂದವರ ಮಗುವನ್ನು ಮೂಲೆಯಲ್ಲಿ ಕೂರಿಸದೆ ಅದೇ ಮಣ್ಣು ಕೊಡಿ, ಅದಕ್ಕೆ ಬೇಕಾದ್ದು ಮಾಡಲಿ. ‘ಹಳೆಯ ಅಂಗಿ ಹಾಕಿ ಕಳಿಸಿ’ ಅಂತಲೂ ಆ ಚೀಟಿಯಲ್ಲೇ ಬರೆಯಿರಿ, ಬಟ್ಟೆಯ ತಕರಾರು ಅಲ್ಲಿಗೇ ಮುಗಿಯುತ್ತದೆ. ಶಾಲೆಯವರು ಇದರಲ್ಲಿ ಕಲಿಕೆ ಎಲ್ಲಿ ಅಂದರೆ, 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತೋರಿಸಿ. ಆಟದ ಮೂಲಕವೇ ಕಲಿಸಿ ಎಂದು ಅದೂ ಹೇಳುತ್ತದೆ.

ಫೋಟೊ ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಫೋಟೊಗಾಗಿ ಮಕ್ಕಳು ಹೋದ ಮೇಲೆ ಕೂತು ಎತ್ತುಗಳನ್ನು ತಿದ್ದಬೇಡಿ. ಮರುದಿನ ಬಂದ ಮಗು ತನ್ನ ಎತ್ತು ಎಲ್ಲಿ ಅಂತ ಹುಡುಕುತ್ತದೆ. ಮೂರು ಕಾಲಿನದೋ, ಮೊಸಳೆಯಂಥದೋ, ಅದೇ ಇರಲಿ.

ಕೊನೆಗೆ ಎತ್ತುಗಳನ್ನು ಮಕ್ಕಳೇ ಒಂದು ಬಕೆಟ್ ನೀರಿಗೆ ಬಿಡಲಿ. ಮನೆಗೆ ಒಯ್ಯುತ್ತೇನೆ ಅನ್ನುವವರು ಒಯ್ಯಲಿ. ಕರಗಿದ ಮಣ್ಣನ್ನು ಚೆಲ್ಲಬೇಡಿ, ಶ್ರಾವಣದಲ್ಲಿ ನಾಗಪ್ಪನಿಗೆ, ಭಾದ್ರಪದದಲ್ಲಿ ಗಣಪನಿಗೆ ಅದೇ ಆಗುತ್ತದೆ. ಮೇಲಿನ ನೀರು ಬಸಿದು ಬಕೆಟ್ಟಿಗೆ ಮುಚ್ಚಳ ಹಾಕಿಡಿ. ಮಳೆಗಾಲ, ತೆರೆದಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತವೆ.