ಅಮೆರಿಕದ ನರ್ಸ್ ಮೇರಿ ಬ್ರೆಕಿನ್‌ರಿಜ್ ಸೂಲಗಿತ್ತಿ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದದ್ದೇಕೆ?

ನರ್ಸುಗಳಿಗೆ ಹೆರಿಗೆ ಮಾಡಿಸುವುದನ್ನು ಕಲಿಸುವ ವ್ಯವಸ್ಥೆ ಆಗ ಅಮೆರಿಕದಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ, ಅದಕ್ಕೆ. ಹೆರಿಗೆ ಡಾಕ್ಟರದ್ದು, ಇಲ್ಲವೇ ಊರಿನ ಅನುಭವಿ ಅಜ್ಜಿಯದ್ದು. ಇಂಗ್ಲೆಂಡಿನಲ್ಲಾದರೋ 1902ರ ಕಾಯ್ದೆ ಸೂಲಗಿತ್ತಿಯರಿಗೆ ತರಬೇತಿ, ಪರೀಕ್ಷೆ, ನೋಂದಣಿ ಎಲ್ಲವನ್ನೂ ತಂದಿತ್ತು.

ಮೇರಿ 1910ರಲ್ಲಿ ನ್ಯೂಯಾರ್ಕಿನಲ್ಲಿ ನರ್ಸಿಂಗ್ ಮುಗಿಸಿದವರು. ಮುಂದೆ ತಮ್ಮ ಇಬ್ಬರು ಮಕ್ಕಳನ್ನೂ ಕಳೆದುಕೊಂಡರು. ಮೊದಲ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿದ್ದಾಗ, ನರ್ಸಿಂಗ್, ಸೂಲಗಿತ್ತಿ ಕೆಲಸ ಎರಡೂ ಬಲ್ಲ ಬ್ರಿಟಿಷ್ ನರ್ಸುಗಳನ್ನು ಕಂಡರು. ಲಂಡನ್ನಿನಲ್ಲಿ ಕಲಿತು ಬಂದು 1925ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಗುಡ್ಡಗಾಡಿನಲ್ಲಿ ಸೇವೆ ಶುರುಮಾಡಿದರು. ಅಲ್ಲಿ ಆಗ ಸರಿಯಾದ ರಸ್ತೆಯೇ ಇರಲಿಲ್ಲ. ನರ್ಸುಗಳು ಹೆರಿಗೆಯ ಸಾಮಾನನ್ನು ಜೀನಿನ ಚೀಲಕ್ಕೆ ತುಂಬಿ, ಕುದುರೆಯೇರಿ, ತೊರೆ ದಾಟಿ ಹೋಗುತ್ತಿದ್ದರು. ಅವರಲ್ಲಿ ಅನೇಕರು ಬ್ರಿಟನ್ನಿನವರೇ! 1939ರಲ್ಲಿ ಯುದ್ಧ ಬಂದು ಅವರು ಮರಳತೊಡಗಿದಾಗ ಮೇರಿಯವರ ಸಂಸ್ಥೆ ತನ್ನದೇ ಸೂಲಗಿತ್ತಿ ಶಾಲೆ ತೆರೆಯಿತು.