ಥರ್ಮೊಕೋಲ್ ಹಾಕಿಸಿದರೂ ರಾತ್ರಿ ಸೆಕೆ ಯಾಕೆ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ಮೇಲಂತಸ್ತಿನ ಮನೆ. ಹೋದ ವರ್ಷ ಆರ್‌ಸಿಸಿ ಸ್ಲ್ಯಾಬಿನ ಅಡಿಗೆ 1 ಇಂಚಿನ ಥರ್ಮೊಕೋಲ್ ಅಂಟಿಸಿ, ಕೆಳಗೆ ಪಿಒಪಿ ಸೀಲಿಂಗ್ ಮಾಡಿಸಿದೆವು. ಮಧ್ಯಾಹ್ನ ಒಂದಿಷ್ಟು ವಾಸಿ. ರಾತ್ರಿ ಹನ್ನೊಂದಾದರೂ ಕೋಣೆ ಕಾದ ಹಂಚಿನಂತೆ ಇರುತ್ತದೆ. ಇನ್ನೊಂದು ಪದರ ಹಾಕಿಸಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಥರ್ಮೊಕೋಲ್ ಕೆಟ್ಟ ಸರಕಲ್ಲ. ಅದರ 1 ಇಂಚು ತಡೆಯುವಷ್ಟು ಶಾಖವನ್ನು ಬರೀ ಕಾಂಕ್ರೀಟಿನಿಂದ ತಡೆಯಲು 3 ಅಡಿಗೂ ಹೆಚ್ಚು ದಪ್ಪ ಬೇಕು. ಆದರೆ ಈ ಲೆಕ್ಕ ಒಣಗಿದ, ಸಂದಿಲ್ಲದ ಹಾಳೆಯದು. ನಿಮ್ಮ ಕೋಣೆಯಲ್ಲಿ ಫ್ಯಾನ್ ಬಾಕ್ಸ್ ಇರುತ್ತದೆ, ಬೀಮ್ ಇರುತ್ತದೆ, ಅಂಚಿನ ಲೈಟಿಗೆ ಬಿಟ್ಟ ಪಟ್ಟಿ ಇರುತ್ತದೆ. ಅಲ್ಲೆಲ್ಲ ಹಾಳೆ ಹಾಕುವವರು ಕಡಿಮೆ; ಪಿಒಪಿ ಮುಚ್ಚಿದ ಮೇಲೆ ಯಾರಿಗೂ ಕಾಣುವುದೂ ಇಲ್ಲ. 120 ಚದರ ಅಡಿಯ ಕೋಣೆಯಲ್ಲಿ ಬರೀ 12 ಚದರ ಅಡಿ ಸ್ಲ್ಯಾಬ್ ಬರಿದಾಗಿ ಉಳಿದರೆ, ಒಳಗಿಳಿಯುವ ಶಾಖ ಸರಿಸುಮಾರು ಕಾಲುಪಾಲು ಏರುತ್ತದೆ. ಬಿಟ್ಟಿದ್ದು ಹತ್ತರಲ್ಲಿ ಒಂದು ಪಾಲು, ನಷ್ಟ ಅದರ ಎರಡೂವರೆ ಪಟ್ಟು. ಎರಡನೇ ಪದರ ಹಾಕಿಸಿದರೂ ಆ ಜಾಗಗಳು ಹಾಗೇ ಇರುತ್ತವೆ.

ಅದಕ್ಕಿಂತ ದೊಡ್ಡ ತೊಂದರೆ ಹಾಳೆ ಇರುವ ಜಾಗದ್ದು. ಸ್ಲ್ಯಾಬ್ ಬಿಸಿಲಿಗೆ ಬೆತ್ತಲೆಯಾಗಿದೆ. ದಿನವಿಡೀ ಕುಡಿದ ಬಿಸಿಯನ್ನು ಸಂಜೆಯಿಂದ ಮೆಲ್ಲಗೆ ಕೆಳಗೆ ಬಿಡುತ್ತದೆ. ನಿಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣು ಸೂರಿನ ಮೇಲಿತ್ತು, ಅಡಿಯಲ್ಲಲ್ಲ. ಹೊದಿಕೆ ಮೇಲಿದ್ದರೆ ಸ್ಲ್ಯಾಬೇ ಕಾಯುವುದಿಲ್ಲ.

ಖರ್ಚಿಗೆ ಮೊದಲು ಒಂದು ಕೆಲಸ ಮಾಡಿ. ರಾತ್ರಿ ಒಂಬತ್ತಕ್ಕೆ ಏಣಿ ಹತ್ತಿ ಸೀಲಿಂಗಿಗೆ ಅಂಗೈ ಇಡಿ, ಆಮೇಲೆ ಪಶ್ಚಿಮದ ಗೋಡೆಗೆ. ಗೋಡೆಯೇ ಹೆಚ್ಚು ಸುಡುತ್ತಿದ್ದರೆ ಸೂರಿಗೆ ಎಷ್ಟು ದುಡ್ಡು ಸುರಿದರೂ ಅಷ್ಟೇ. ಆ ಗೋಡೆಗೆ ನೆರಳು ಮಾಡಿ. ಸೀಲಿಂಗೇ ಬಿಸಿ ಇದ್ದರೆ ಈ ಬೇಸಿಗೆಗೆ ತಾರಸಿಗೆ ಸುಣ್ಣವನ್ನೋ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನೋ ಬಳಿಸಿ. ಇದು ಎಲ್ಲಕ್ಕಿಂತ ಅಗ್ಗ. ಧೂಳು ಕೂತರೆ ಬಿಳುಪಿನ ಗುಣ ಹೋಗುತ್ತದೆ, ಆಗಾಗ ತೊಳೆಯಬೇಕು. ಹೊರಗೆ ತಂಪಾದ ಮೇಲೆ ಕಿಟಕಿ ತೆರೆದಿಡಿ. ಒಳಗೆ ಸೇರಿದ ಬಿಸಿಯೂ ಹೊರಹೋಗಬೇಕಲ್ಲ.

ಮುಂದೆ ಕೈಯಲ್ಲಿ ದುಡ್ಡಿದ್ದಾಗ ತಾರಸಿಯ ಮೇಲೆ 2 ಇಂಚಿನ ಎಕ್ಸ್‌ಪಿಎಸ್ (ಥರ್ಮೊಕೋಲ್ ಜಾತಿಯದೇ, ಅದಕ್ಕಿಂತ ಗಟ್ಟಿಯಾದ ಫೋಮ್) ಹಲಗೆ ಹಾಕಿಸಿ, ಅದರ ಮೇಲೆ ಇಳಿಜಾರಿನ ಕಾಂಕ್ರೀಟು, ಬಿಳಿ ಟೈಲ್ಸ್. ವಾಟರ್‌ಪ್ರೂಫಿಂಗ್ ಮಾತ್ರ ಮೊದಲೇ ಮುಗಿಯಲಿ. ಈಗಿರುವ ಸ್ಲ್ಯಾಬ್ ಮಳೆಗಾಲದಲ್ಲಿ ಎಲ್ಲಾದರೂ ಜಿನುಗುತ್ತಿದ್ದರೆ ಕೆಳಗಿನ ಥರ್ಮೊಕೋಲನ್ನೂ ಬಿಚ್ಚಿ ನೋಡಬೇಕು: ಶಾಖ ತಡೆಯುವುದು ಅದರೊಳಗಿನ ನಿಂತ ಗಾಳಿ, ನೀರು ಆ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ಬಿಚ್ಚಿದಾಗ ವೈರಿಂಗನ್ನೂ ಪರೀಕ್ಷಿಸಿ. ಥರ್ಮೊಕೋಲಿಗೆ ಬೆಂಕಿ ಬೇಗ ಹತ್ತುತ್ತದೆ.